ಗಡಿಯಾಚೆಯಿಂದ ಆರೋಪಿಯನ್ನು ಎತ್ತಿ ತರುವ ವಿಧಾನ: ಸರ್ಕಾರಗಳಿಗೊಂದು ಕೈಪಿಡಿ

ಬಳಸುವ ಮೊದಲು ಓದಿ



ನಿಮಗೆ ಬೇಕಾದ ಆಸಾಮಿ ಪರದೇಶ ಸೇರಿದ್ದಾನೆ. ಹೆಸರು ಬದಲಿಸಿಕೊಂಡು, ಬಾಡಿಗೆ ಮನೆ ಹಿಡಿದು, ಬೆಳಿಗ್ಗೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಾನೆ. ನಿಮ್ಮಲ್ಲಿ ವಾರಂಟ್ ಇದೆ, ದೋಷಾರೋಪ ಪಟ್ಟಿ ಇದೆ, ಸಾಕ್ಷಿಗಳು ಸಾಲಾಗಿ ಕೂತಿದ್ದಾರೆ. ಕಟಕಟೆ ಮಾತ್ರ ಖಾಲಿ.

ಇದಕ್ಕೊಂದು ರಾಜಮಾರ್ಗವಿದೆ, ಹಸ್ತಾಂತರ ಅಂತ. ಕಡತ ಕಳಿಸಬೇಕು, ಅದನ್ನು ಆ ದೇಶದ ಭಾಷೆಗೆ ಅನುವಾದಿಸಬೇಕು, ಅಲ್ಲಿನ ನ್ಯಾಯಾಲಯದ ಮುಂದೆ ಕೈಕಟ್ಟಿ ನಿಲ್ಲಬೇಕು. ಉಡುಪಿ ಕಡೆಯ ಭೂಗತ ಪಾತಕಿ ರವಿ ಪೂಜಾರಿ 2019ರ ಜನವರಿಯಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದ. ಕರ್ನಾಟಕದ ಪೊಲೀಸರು ಅವನನ್ನು ಬೆಂಗಳೂರಿಗೆ ಕರೆತಂದದ್ದು 2020ರ ಫೆಬ್ರುವರಿಯಲ್ಲಿ. ಇಂಥ ಕೆಲಸದಲ್ಲಿ ಅದು ಚುರುಕೆಂದೇ ಲೆಕ್ಕ. ಭೂಗತ ಲೋಕದ ಅಬು ಸಲೇಂನನ್ನು ಪೋರ್ಚುಗಲ್ 2005ರಲ್ಲಿ ಒಪ್ಪಿಸುವಾಗ, ಗಲ್ಲಿಗೆ ಹಾಕುವಂತಿಲ್ಲ, 25 ವರ್ಷ ಮೀರಿ ಸೆರೆಯಲ್ಲಿಡುವಂತಿಲ್ಲ ಎಂದು ಮಾತು ತೆಗೆದುಕೊಂಡಿತ್ತು. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಮಾತನ್ನು ಕೇಂದ್ರ ಸರ್ಕಾರಕ್ಕೆ ನೆನಪಿಸಿ, ಉಳಿಸಿಕೊಳ್ಳಿ ಎಂದಿತು.

ಹೀಗೆ ಕಾಯುವುದು, ಮಾತು ಕೊಡುವುದು, ಕೊಟ್ಟ ಮಾತಿಗೆ ತಲೆಬಾಗುವುದು ನಿಮ್ಮ ಜಾಯಮಾನಕ್ಕೆ ಒಗ್ಗದಿದ್ದರೆ ಈ ಕೈಪಿಡಿ ನಿಮಗಾಗಿಯೇ ಇದೆ. ಇದರಲ್ಲಿರುವ ಪ್ರತಿಯೊಂದು ವಿಧಾನವನ್ನೂ ಮಾನ್ಯ ಸರ್ಕಾರಗಳು ಪ್ರಯೋಗಿಸಿ ನೋಡಿವೆ.

ಮೊದಲ ಸೂಚನೆ: ಕಾಗದ ಇದ್ದರೂ ತೋರಿಸಬೇಡಿ

ಈ ಸೂಚನೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಿರುವುದಕ್ಕೆ ಕಾರಣವಿದೆ. ಷಿಕಾಗೋದ ಬ್ಯಾಂಕೊಂದರ ಗುಮಾಸ್ತ ಫ್ರೆಡರಿಕ್ ಕೆರ್ ಹಣ ಲಪಟಾಯಿಸಿದ ಆರೋಪ ಹೊತ್ತು ಪೆರು ದೇಶಕ್ಕೆ ಓಡಿಹೋದ. ಅಮೆರಿಕ ಮತ್ತು ಪೆರು ನಡುವೆ ಹಸ್ತಾಂತರ ಒಪ್ಪಂದ ಇತ್ತು. ವಾಷಿಂಗ್ಟನ್ ಅದರ ಪ್ರಕಾರವೇ ಕಾಗದಪತ್ರ ಸಿದ್ಧಪಡಿಸಿ, ಪಿಂಕರ್ಟನ್ ಪತ್ತೇದಾರಿ ಕಂಪನಿಯ ಹೆನ್ರಿ ಜೂಲಿಯನ್ ಎಂಬವನ ಕೈಗೆ ಕೊಟ್ಟು ಕಳಿಸಿತು. ಆಗ ಪೆರುವಿನ ರಾಜಧಾನಿ ಲಿಮಾ ಚಿಲಿ ಸೈನ್ಯದ ವಶದಲ್ಲಿತ್ತು. ಜೂಲಿಯನ್ ಕಾಗದವನ್ನು ಪೆರು ಸರ್ಕಾರದ ಯಾರಿಗೂ ತೋರಿಸಲಿಲ್ಲ. ಕೆರ್‌ನನ್ನು ಬಲವಂತವಾಗಿ ಹಿಡಿದು ಅಮೆರಿಕದ ನೌಕೆ ಎಸೆಕ್ಸ್ ಹತ್ತಿಸಿದ. ಹೊನೊಲುಲುವಿನಲ್ಲಿ ಹಡಗು ಬದಲಾಯಿತು. ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೊ, ಕೊನೆಗೆ ಇಲಿನಾಯ್ ರಾಜ್ಯದ ನ್ಯಾಯಾಲಯ.

ಕೆರ್ ತಕರಾರು ತೆಗೆದ: ‘ನನ್ನನ್ನು ಕದ್ದು ತಂದಿದ್ದಾರೆ, ವಿಚಾರಣೆ ನಡೆಸುವ ಅಧಿಕಾರ ನಿಮಗಿಲ್ಲ.’ 1886ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಆರೋಪಿ ಎದುರಿಗಿದ್ದಾನೆ, ಅಷ್ಟು ಸಾಕು. ಹೇಗೆ ಬಂದ ಎಂಬುದು ಕೋರ್ಟಿಗೆ ಸಂಬಂಧಿಸಿದ್ದಲ್ಲ. ಬೇಕಿದ್ದರೆ ಕೆರ್ ಜೂಲಿಯನ್ ಮೇಲೆ ದಾವೆ ಹೂಡಲಿ. ಬೇಕಿದ್ದರೆ ಪೆರು ದೇಶ ಜೂಲಿಯನ್‌ನನ್ನು ನಮಗೊಪ್ಪಿಸಿ ಎಂದು ಕೇಳಲಿ, ಅದೂ ಅದೇ ಹಸ್ತಾಂತರ ಒಪ್ಪಂದದ ಪ್ರಕಾರ!

ಅದೇ ದಿನ ಅದೇ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ರಾಷರ್ ಎಂಬ ಹಡಗಿನ ಅಧಿಕಾರಿಯನ್ನು ಬ್ರಿಟನ್ ಕೊಲೆ ಆರೋಪದ ಮೇಲೆ ಕಾನೂನುಬದ್ಧವಾಗಿ ಒಪ್ಪಿಸಿತ್ತು. ಅಮೆರಿಕ ಅವನನ್ನು ನಾವಿಕನಿಗೆ ಕ್ರೂರ ಶಿಕ್ಷೆ ಕೊಟ್ಟ ಬೇರೆ ಆರೋಪದ ಮೇಲೆ ವಿಚಾರಣೆಗೆ ಗುರಿಪಡಿಸಿತು. ಹಾಗೆ ಮಾಡುವಂತಿಲ್ಲ, ಯಾವ ಅಪರಾಧಕ್ಕಾಗಿ ತಂದಿರೋ ಅದಕ್ಕೆ ಮಾತ್ರ ವಿಚಾರಣೆ ಎಂದಿತು ಕೋರ್ಟು.

ಎರಡೂ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿ. ಕಾಗದ ತೋರಿಸಿ ತಂದವನಿಗೆ ಒಪ್ಪಂದದ ರಕ್ಷಣೆ ಇದೆ. ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಕತ್ತಿನಪಟ್ಟಿ ಹಿಡಿದು ಎಳೆತಂದವನಿಗೆ ಏನೂ ಇಲ್ಲ. ನಿಯಮ ಪಾಲಿಸುವ ಸರ್ಕಾರದ ಕೈಕಾಲು ಕಟ್ಟಿ, ಮುರಿಯುವ ಸರ್ಕಾರಕ್ಕೆ ದಾರಿ ಬಿಟ್ಟುಕೊಡುವ ಇಂಥ ಸೌಲಭ್ಯ ಬೇರೆ ಯಾವ ಇಲಾಖೆಯಲ್ಲೂ ಸಿಗದು. ವಕೀಲರು ಇದಕ್ಕೆ ‘ಮಾಲೆ ಕಾಪ್ಟಸ್, ಬೆನೆ ಡಿಟೆಂಟಸ್’ ಎಂಬ ಲ್ಯಾಟಿನ್ ಸೂತ್ರ ಹೇಳುತ್ತಾರೆ: ಹಿಡಿದದ್ದು ತಪ್ಪು, ಹಿಡಿದಿಟ್ಟುಕೊಂಡದ್ದು ಸರಿ.

ಸಲಕರಣೆಗಳು

ವಾಹನದ ಆಯ್ಕೆ ನಿಮ್ಮದು. ವಿಮಾನವಾದರೆ ಬೇರೆ ನೆಪವೊಂದು ಇರಲಿ. 1960ರ ಮೇ 11ರ ಸಂಜೆ ಬ್ಯೂನಸ್ ಐರಿಸ್‌ನ ಹೊರವಲಯದಲ್ಲಿ ರಿಕಾರ್ಡೊ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ಬದುಕುತ್ತಿದ್ದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ಕೆಲಸ ಮುಗಿಸಿ ಬಸ್ಸಿಳಿದು ಮನೆ ಕಡೆ ನಡೆಯುತ್ತಿದ್ದಾಗ ಇಸ್ರೇಲಿ ಗೂಢಚಾರರು ಹಿಡಿದರು. ಅರ್ಜೆಂಟೀನಾದ ಮೇ ಕ್ರಾಂತಿಗೆ ಆಗ 150 ವರ್ಷ. ಆ ಸಂಭ್ರಮಕ್ಕೆ ಇಸ್ರೇಲಿನ ಅಧಿಕೃತ ನಿಯೋಗ ಎಲ್ ಆಲ್ ವಿಮಾನದಲ್ಲಿ ಬಂದಿಳಿಯಿತು. ಅತಿಥಿಗಳನ್ನು ಇಳಿಸಿದ ಅದೇ ವಿಮಾನ, ಮತ್ತು ಬರಿಸಿದ ಐಕ್‌ಮನ್‌ಗೆ ಸಿಬ್ಬಂದಿಯ ಸಮವಸ್ತ್ರ ತೊಡಿಸಿ ಹತ್ತಿಸಿಕೊಂಡು ಹೊರಟಿತು. ಆತಿಥ್ಯ ಕೊಟ್ಟವರ ಮನೆಯಿಂದಲೇ ಆಳನ್ನು ಎತ್ತಿಕೊಂಡು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದು ಕಷ್ಟ.

ವ್ಯಾನ್ ಅಗ್ಗ. ಫ್ರಾನ್ಸಿನ ದ ಗಾಲ್ ಸರ್ಕಾರದ ವಿರುದ್ಧ ಬಂಡೆದ್ದ ಕರ್ನಲ್ ಆರ್ಗೂ 1963ರ ಫೆಬ್ರುವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಿಂದ ಕಣ್ಮರೆಯಾಗಿ, ಪ್ಯಾರಿಸ್‌ನ ನೋತ್ರ್ ದಾಮ್ ಬಳಿ ನಿಂತಿದ್ದ ವ್ಯಾನೊಂದರಲ್ಲಿ ಕೈಕಾಲು ಕಟ್ಟಿದ ಸ್ಥಿತಿಯಲ್ಲಿ ಪೊಲೀಸರಿಗೆ ‘ಸಿಕ್ಕಿದ’. ಯಾರೋ ಪುಣ್ಯಾತ್ಮರು ಫೋನ್ ಮಾಡಿ ತಿಳಿಸಿದ್ದರಂತೆ. ಫ್ರಾನ್ಸಿನ ಪರಮೋಚ್ಚ ನ್ಯಾಯಾಲಯಕ್ಕೂ ಇದರಲ್ಲಿ ತೊಂದರೆಯೇನೂ ಕಾಣಲಿಲ್ಲ.

ಮರದ ಪೆಟ್ಟಿಗೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ನೈಜೀರಿಯಾದ ಮಾಜಿ ಸಾರಿಗೆ ಮಂತ್ರಿ ಉಮರು ಡಿಕ್ಕೊ ಅವರನ್ನು 1984ರ ಜುಲೈ 5ರಂದು ಲಂಡನ್‌ನ ಅವರ ಮನೆ ಮುಂದಿನಿಂದಲೇ ಎತ್ತಿ, ಅರಿವಳಿಕೆ ಕೊಟ್ಟು, ಪೆಟ್ಟಿಗೆಯಲ್ಲಿಟ್ಟು, ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣಕ್ಕೆ ಸಾಗಿಸಿದರು. ಉಸಿರು ನಿಲ್ಲದಂತೆ ನೋಡಿಕೊಳ್ಳಲು ಒಬ್ಬ ಅರಿವಳಿಕೆ ವೈದ್ಯನೂ ಅದೇ ಪೆಟ್ಟಿಗೆಯೊಳಗೆ. ತಂಡದ ಇನ್ನಿಬ್ಬರು ಎರಡನೆಯ ಪೆಟ್ಟಿಗೆಯಲ್ಲಿ. ಇಷ್ಟೆಲ್ಲ ಮುತುವರ್ಜಿ ವಹಿಸಿದವರು, ರಾಜತಾಂತ್ರಿಕ ಸರಕು ಎಂದು ವಿಯೆನ್ನಾ ಒಪ್ಪಂದ ಹೇಳುವ ರೀತಿಯಲ್ಲಿ ಪೆಟ್ಟಿಗೆಗೆ ಗುರುತು ಹಾಕಿಸಿರಲಿಲ್ಲ. ಕಸ್ಟಮ್ಸ್‌ನವರು ಮುಚ್ಚಳ ಎಬ್ಬಿದರು. ಒಂದು ಚೀಟಿಯ ಕೊರತೆಯಿಂದ ನಾಲ್ವರು ಜೈಲು ಸೇರಿದರು. ಕಾಗದ ತೋರಿಸಬೇಡಿ ಎಂಬ ಮೊದಲ ಸೂಚನೆಗೆ ಇದೊಂದೇ ಅಪವಾದ.

ಮೊಬೈಲ್ ಫೋನ್ ಮನೆಯಲ್ಲೇ ಬಿಟ್ಟು ಹೋಗಿ. 2003ರಲ್ಲಿ ಮಿಲಾನ್‌ನ ಬೀದಿಯಿಂದ ಅಬು ಒಮರ್ ಎಂಬ ಇಮಾಮರನ್ನು ಈಜಿಪ್ಟಿಗೆ ಸಾಗಿಸಿದ ಅಮೆರಿಕನ್ ತಂಡ ಒಳ್ಳೊಳ್ಳೆಯ ಹೋಟೆಲುಗಳಲ್ಲಿ ಇಳಿದುಕೊಂಡಿತ್ತು, ಫೋನಿನಲ್ಲಿ ಯಥೇಚ್ಛ ಮಾತಾಡಿತ್ತು. ಆ ಕರೆಗಳ ಜಾಡು ಹಿಡಿದೇ ಇಟಲಿಯ ಪ್ರಾಸಿಕ್ಯೂಟರ್ ಇಡೀ ತಂಡದ ಪಟ್ಟಿ ಮಾಡಿದರು. 2009ರಲ್ಲಿ 23 ಮಂದಿ ಅಮೆರಿಕನ್ನರಿಗೆ ಗೈರುಹಾಜರಿಯಲ್ಲೇ ಶಿಕ್ಷೆಯಾಯಿತು.

ಎಲ್ಲಕ್ಕಿಂತ ಉತ್ತಮ ಸಲಕರಣೆ ಅಂದರೆ ಆ ಊರಿನ ಸರ್ಕಾರವೇ ಕಣ್ಣು ಮುಚ್ಚಿಕೊಳ್ಳುವುದು. ಕುರ್ದ್ ನಾಯಕ ಒಚಲಾನ್ 1999ರ ಫೆಬ್ರುವರಿಯಲ್ಲಿ ನೈರೋಬಿಯಲ್ಲಿ ಟರ್ಕಿಯವರ ಕೈಗೆ ಸಿಕ್ಕಿದಾಗ ಕೀನ್ಯಾದ ಅಧಿಕಾರಿಗಳು ಜೊತೆಗಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ, ಟರ್ಕಿಯ ವಿಚಾರಣೆ ನ್ಯಾಯಯುತವಾಗಿರಲಿಲ್ಲ ಎಂದಿತು. ಹಿಡಿದು ತಂದದ್ದರಲ್ಲಿ ಮಾತ್ರ ತಪ್ಪು ಕಾಣಲಿಲ್ಲ.

ನೆರೆಯವರು ಕೂಗಾಡಿದರೆ

ಕೂಗಾಡುತ್ತಾರೆ. ಸ್ವಲ್ಪ ಹೊತ್ತು.

ಅರ್ಜೆಂಟೀನಾ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಕರೆದುಕೊಂಡು ಹೋದವರು ಸ್ವಯಂಸೇವಕರು, ಐಕ್‌ಮನ್ ತಾನಾಗಿಯೇ ಬರಲು ಒಪ್ಪಿ ಸಹಿ ಹಾಕಿದ್ದಾನೆ ಎಂದು ಇಸ್ರೇಲ್ ಹೇಳಿ ನೋಡಿತು. 1960ರ ಜೂನ್ 23ರಂದು ಮಂಡಳಿ 138ನೇ ನಿರ್ಣಯದಲ್ಲಿ ಇಂಥ ಕೃತ್ಯಗಳು ಮರುಕಳಿಸಿದರೆ ಶಾಂತಿಗೆ ಅಪಾಯ ಎಂದು ಎಚ್ಚರಿಸಿ, ಅರ್ಜೆಂಟೀನಾಕ್ಕೆ ತಕ್ಕ ಪರಿಹಾರ ಕೊಡುವಂತೆ ಇಸ್ರೇಲಿಗೆ ಹೇಳಿತು. ಐಕ್‌ಮನ್‌ನನ್ನು ವಾಪಸ್ ಕಳಿಸಿ ಎನ್ನಲಿಲ್ಲ. ಆಗಸ್ಟ್ 3ರಂದು ಎರಡೂ ಸರ್ಕಾರಗಳು ಪ್ರಕರಣ ಮುಗಿಯಿತು ಎಂದು ಜಂಟಿ ಹೇಳಿಕೆ ಹೊರಡಿಸಿದವು. ಮುಂದೆ ಜೆರುಸಲೇಂ ನ್ಯಾಯಾಲಯಕ್ಕೆ ಕೆಲಸ ಸುಲಭವಾಯಿತು: ಭಂಗವಾದದ್ದು ಅರ್ಜೆಂಟೀನಾದ ಹಕ್ಕು, ಅರ್ಜೆಂಟೀನಾ ಅದನ್ನು ಬಿಟ್ಟುಕೊಟ್ಟಿದೆ, ಇದರಲ್ಲಿ ಆರೋಪಿ ಎತ್ತುವ ತಕರಾರು ಯಾವುದೂ ಇಲ್ಲ.

ಅಧಿಕಾರಿಗಳು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಅಪಹರಣವಾದರೆ ಅನ್ಯಾಯವಾಗುವುದು ನೆಲಕ್ಕೆ, ಮನುಷ್ಯನಿಗಲ್ಲ. ನೆಲದ ಒಡೆಯ ಒಂದು ಪತ್ರಕ್ಕೆ ಸಹಿ ಹಾಕಿದರೆ ಮನುಷ್ಯನ ಗಾಯವೂ ವಾಸಿಯಾದ ಹಾಗೆ.

ಪತ್ರಕ್ಕೂ ಕಾಯಬೇಕಿಲ್ಲ. ಇದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಇದೆ. 1910ರ ಜುಲೈ 8ರ ಬೆಳಿಗ್ಗೆ ಮಾರ್ಸೆಲ್ಸ್ ಬಂದರಿನಲ್ಲಿ ಲಂಗರು ಹಾಕಿದ್ದ ಮೋರಿಯಾ ಹಡಗಿನ ಕಿಂಡಿಯಿಂದ ವಿನಾಯಕ ದಾಮೋದರ ಸಾವರ್ಕರ್ ನೀರಿಗೆ ಹಾರಿದರು. ಅವರನ್ನು ವಿಚಾರಣೆಗಾಗಿ ಲಂಡನ್‌ನಿಂದ ಮುಂಬಯಿಗೆ ಸಾಗಿಸಲಾಗುತ್ತಿತ್ತು. ಈಜಿ ದಡ ಸೇರಿ, ಫ್ರಾನ್ಸಿನ ನೆಲದ ಮೇಲೆ ಒಂದಷ್ಟು ದೂರ ಓಡಿದರು. ಹಡಗಿನಿಂದ ಕೂಗುತ್ತ ಬೆನ್ನಟ್ಟಿದವರಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡ ಫ್ರೆಂಚ್ ಪೊಲೀಸನೊಬ್ಬ ಅವರನ್ನು ಹಿಡಿದು ಹಡಗಿಗೇ ಮರಳಿಸಿದ. ಮರುದಿನ ಹಡಗು ಹೊರಟುಹೋಯಿತು.

ಫ್ರಾನ್ಸ್ ಎಚ್ಚೆತ್ತು, ನಮ್ಮ ನೆಲದ ಮೇಲೆ ಹಿಡಿದವನನ್ನು ನಮಗೆ ಕೊಡಿ ಎಂದಿತು. ಬ್ರಿಟನ್ ಒಪ್ಪಲಿಲ್ಲ. ವ್ಯಾಜ್ಯ ಹೇಗ್ ನಗರದ ಶಾಶ್ವತ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಯಿತು. ಐವರು ಪಂಚರಲ್ಲಿ ಬೆಲ್ಜಿಯಂನ ಬೇರ್ನಾರ್ಟ್, ಫ್ರಾನ್ಸಿನ ರೆನೊ ಇಬ್ಬರೂ ನೊಬೆಲ್ ಶಾಂತಿ ಪುರಸ್ಕೃತರು. ಬ್ರಿಟನ್ನಿನವರೊಬ್ಬರಿದ್ದರು. ಭಾರತೀಯರು ಯಾರೂ ಇರಲಿಲ್ಲ, ಇರುವ ಪ್ರಶ್ನೆಯೇ ಇರಲಿಲ್ಲ. ಪ್ರಕರಣದ ಹೆಸರು ಸಾವರ್ಕರ್ ಪ್ರಕರಣ. ಸಾವರ್ಕರ್ ಅದರಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. 1911ರ ಫೆಬ್ರುವರಿ 24ರಂದು ತೀರ್ಪು ಬಂತು: ಒಪ್ಪಿಸಿದ ರೀತಿಯಲ್ಲಿ ಲೋಪವಾಗಿರಬಹುದು, ಆದರೆ ಆ ಕಾರಣಕ್ಕೆ ವಾಪಸ್ ಕೊಡಬೇಕೆಂಬ ನಿಯಮ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಇಲ್ಲ. ಅಷ್ಟರಲ್ಲಿ ಮುಂಬಯಿಯ ನ್ಯಾಯಪೀಠ ಅವರಿಗೆ ಎರಡು ಜೀವಾವಧಿ, ಒಟ್ಟು 50 ವರ್ಷಗಳ ಕರಿನೀರಿನ ಶಿಕ್ಷೆ ವಿಧಿಸಿ ಆಗಿತ್ತು. ಪಂಚರು ಇನ್ನೂ ಕೂತಿರುವಾಗಲೇ ಶಿಕ್ಷೆ ಹೇಳಿ ಮುಗಿಸುವುದು ಬಹಳ ಪ್ರಯೋಜನಕಾರಿ. ಸಾವರ್ಕರ್ ಅವರ ರಾಜಕೀಯದ ಬಗ್ಗೆ ಓದುಗರ ಅಭಿಪ್ರಾಯ ಏನೇ ಇರಲಿ, ಮಾರ್ಸೆಲ್ಸ್‌ನ ಆ ದಡದಲ್ಲಿ ಆದದ್ದು ಆ ಅಭಿಪ್ರಾಯದಿಂದ ಬದಲಾಗುವುದಿಲ್ಲ.

ಸ್ವತಂತ್ರ ಭಾರತವೂ ಈ ವಿಷಯದಲ್ಲಿ ತೀರಾ ಮಡಿವಂತಿಕೆ ತೋರಲಿಲ್ಲ. ಕರಾಚಿಯಲ್ಲಿ ಕೂತು ಕಾಗದ, ತಂತಿ, ಫೋನುಗಳ ಮೂಲಕವೇ ಮುಂಬಯಿಯಲ್ಲಿ ಅಕ್ಕಿ ವ್ಯಾಪಾರದ ಹೆಸರಿನಲ್ಲಿ ವಂಚಿಸಿದ ಮುಬಾರಿಕ್ ಅಲಿ ಅಹ್ಮದ್‌ನನ್ನು ಇಂಗ್ಲೆಂಡಿನಿಂದ ಕರೆತಂದದ್ದು ಬೇರೊಂದು ಮೊಕದ್ದಮೆಗಾಗಿ. ಆದರೂ ಈ ವಂಚನೆಯ ವಿಚಾರಣೆಗೆ ಅದೇನೂ ಅಡ್ಡಿಯಲ್ಲ ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದು ಅಪರಾಧಕ್ಕೆ ತಂದು ಇನ್ನೊಂದಕ್ಕೆ ವಿಚಾರಿಸಬಾರದೆಂಬ ಕಟ್ಟು ನಮ್ಮಲ್ಲಿ ಆಮೇಲೆ ಬಂತು, 1962ರ ಹಸ್ತಾಂತರ ಕಾಯ್ದೆಯ 21ನೇ ಕಲಮಿನಲ್ಲಿ.

ದರಪಟ್ಟಿ

1985ರಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆಯ ಎನ್ರಿಕೆ ಕಾಮರೇನಾ ಅವರನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಹಿಂಸೆ ಇನ್ನಷ್ಟು ಹೊತ್ತು ನಡೆಯಲೆಂದು ಅವರ ಜೀವ ಹಿಡಿದಿಟ್ಟವರು ಗ್ವಾಡಲಹಾರಾದ ಸ್ತ್ರೀರೋಗ ವೈದ್ಯ ಅಲ್ವಾರೆಸ್ ಮಾಚಾಯಿನ್ ಎಂಬುದು ಅಮೆರಿಕದ ಆರೋಪ. ತಂದುಕೊಟ್ಟವರಿಗೆ 50,000 ಡಾಲರ್, ಮೇಲೆ ಖರ್ಚುವೆಚ್ಚ ಎಂದು ಮಾತಾಯಿತು. 1990ರ ಏಪ್ರಿಲ್ 2ರಂದು ವೈದ್ಯರನ್ನು ಅವರ ಕಚೇರಿಯಿಂದ ಎತ್ತಿ, ಖಾಸಗಿ ವಿಮಾನದಲ್ಲಿ ಟೆಕ್ಸಸ್‌ನ ಎಲ್ ಪಾಸೋಗೆ ತಂದು ಒಪ್ಪಿಸಲಾಯಿತು.

ಕೆಳಗಿನ ಎರಡು ನ್ಯಾಯಾಲಯಗಳು ವಾಪಸ್ ಕಳಿಸಿ ಎಂದವು. 1992ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಬೇಡ ಎಂದಿತು. ಮುಖ್ಯ ನ್ಯಾಯಮೂರ್ತಿ ರೆಂಕ್ವಿಸ್ಟ್ ಅವರ ತರ್ಕದ ಸಾರ ಇಷ್ಟು: ಎರಡು ದೇಶಗಳ ನಡುವೆ ಹಸ್ತಾಂತರ ಒಪ್ಪಂದವಿದೆ ನಿಜ, ಆದರೆ ಅಪಹರಣ ಕೂಡದು ಎಂದು ಅದರಲ್ಲೆಲ್ಲೂ ಬರೆದಿಲ್ಲವಲ್ಲ? ಬಾಗಿಲು ಬಡಿದು ಬನ್ನಿ ಎಂದು ಬರೆದಿದ್ದರೆ ಕಿಟಕಿ ಮುರಿಯಬೇಡಿ ಎಂದೂ ಪ್ರತ್ಯೇಕವಾಗಿ ಬರೆದಿರಬೇಕಿತ್ತು. ಸ್ಟೀವನ್ಸ್ ಸೇರಿ ಮೂವರು ನ್ಯಾಯಮೂರ್ತಿಗಳು ಕಟುವಾಗಿ ಭಿನ್ನಮತ ಬರೆದರು. ಭಿನ್ನಮತಕ್ಕೆ ಗ್ರಂಥಾಲಯದಲ್ಲಿ ಜಾಗವಿದೆ.

ಕೈಪಿಡಿಯನ್ನು ಅಕ್ಷರಶಃ ಪಾಲಿಸಿದ ಈ ಪ್ರಕರಣ ಮುಂದೆ ಏನಾಯಿತೆಂದು ಹೇಳದಿದ್ದರೆ ಗ್ರಾಹಕರಿಗೆ ಮೋಸ ಮಾಡಿದಂತಾದೀತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಸರ್ಕಾರ ತನ್ನ ಸಾಕ್ಷ್ಯ ಮುಗಿಸುತ್ತಿದ್ದಂತೆಯೇ ನ್ಯಾಯಾಧೀಶ ರಫೀಡಿ, ಇದರಲ್ಲಿ ಊಹೆ ಬಿಟ್ಟರೆ ಹುರುಳಿಲ್ಲವೆಂದು ವೈದ್ಯರನ್ನು ಖುಲಾಸೆ ಮಾಡಿದರು. ಅಷ್ಟು ದೂರದಿಂದ, ಅಷ್ಟು ದುಡ್ಡು ಕೊಟ್ಟು, ಸುಪ್ರೀಂ ಕೋರ್ಟಿನವರೆಗೂ ಹೋರಾಡಿ ಉಳಿಸಿಕೊಂಡ ಆರೋಪಿ ಊರಿಗೆ ಹೊರಟ. ಹಸ್ತಾಂತರದ ದಾರಿಯಲ್ಲಿ ಹೋಗಿದ್ದರೆ ಸಾಕ್ಷ್ಯವನ್ನು ಮೊದಲು ಇನ್ನೊಂದು ದೇಶಕ್ಕೆ ತೋರಿಸಬೇಕಾಗುತ್ತಿತ್ತು. ಅಲ್ಲೇ ಬಣ್ಣ ಬಯಲಾಗುತ್ತಿತ್ತೋ ಏನೋ. ಆ ಕಡತ, ಅನುವಾದ, ಮ್ಯಾಜಿಸ್ಟ್ರೇಟರ ಕಾಟವೆಲ್ಲ ಇರುವುದು ಬಹುಶಃ ಅದಕ್ಕೇ.

ವೈದ್ಯರು ತಮ್ಮನ್ನು ಎತ್ತಿ ತಂದ ಮಾಜಿ ಪೊಲೀಸನ ಮೇಲೆ ಅಮೆರಿಕದಲ್ಲೇ ದಾವೆ ಹೂಡಿದರು. ಗಾಯಗೊಂಡವನು ದಾವೆ ಹೂಡಲಿ ಎಂದು 1886ರಲ್ಲೇ ಕೋರ್ಟು ಸಲಹೆ ಕೊಟ್ಟಿತ್ತಲ್ಲ. ಕೆಳಗಿನ ನ್ಯಾಯಾಲಯ 25,000 ಡಾಲರ್ ಪರಿಹಾರ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಕಿತ್ತುಕೊಂಡಿತು. ಲೆಕ್ಕ ಹೀಗೆ: ಅಪಹರಿಸಿದರೆ 50,000, ಅಪಹರಣಕ್ಕೊಳಗಾದರೆ ಸೊನ್ನೆ.

ಈ ವಿಧಾನ ಕೆಲಸ ಮಾಡದ ಊರುಗಳು

ಕೆಲವೆಡೆ ನ್ಯಾಯಾಧೀಶರು ಬಾಗಿಲ ಕಡೆ ತಿರುಗಿ, ‘ಇವನನ್ನು ಹೇಗೆ ತಂದಿರಿ?’ ಎಂದು ಕೇಳಿಬಿಡುತ್ತಾರೆ. ಹೆಲಿಕಾಪ್ಟರ್ ಖರೀದಿಯಲ್ಲಿ ಮೋಸ ಮಾಡಿದ ಆರೋಪವಿದ್ದ ನ್ಯೂಜಿಲೆಂಡ್‌ನ ಬೆನೆಟ್‌ನನ್ನು ದಕ್ಷಿಣ ಆಫ್ರಿಕದಿಂದ ಅಡ್ಡದಾರಿಯಲ್ಲಿ ವಿಮಾನ ಹತ್ತಿಸಿ ಲಂಡನ್‌ಗೆ ತಂದಿದ್ದಾರೆಂಬ ದೂರು 1993ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಅದು ನಿಜವಾದರೆ ವಿಚಾರಣೆಯನ್ನೇ ನಿಲ್ಲಿಸಬಹುದು ಎಂದರು ಅಲ್ಲಿನ ನ್ಯಾಯಮೂರ್ತಿಗಳು. ಅಮೆರಿಕದಲ್ಲೂ 1974ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, ಉರುಗ್ವೆಯಿಂದ ಎತ್ತಿ ಬ್ರೆಜಿಲ್‌ನಲ್ಲಿ ಹಿಂಸಿಸಿ ತಂದರೆಂದು ದೂರಿದ ಟೊಸ್ಕನೀನೊ ಎಂಬವನ ವಿಷಯದಲ್ಲಿ ಹೀಗೇ ತಡವರಿಸಿತ್ತು.

ಆದರೆ ನೀವು ನಿಜವಾಗಿ ಹೆದರಬೇಕಾದದ್ದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನ ತೀರ್ಪಿಗೆ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಇಬ್ರಾಹಿಂ ಇಸ್ಮಾಯಿಲ್ ಇಬ್ರಾಹಿಂ ಅವರನ್ನು 1986ರ ಡಿಸೆಂಬರ್‌ನಲ್ಲಿ ಸ್ವಾಜಿಲ್ಯಾಂಡ್‌ನ ಮನೆಯಿಂದ ಎತ್ತಿ ದಕ್ಷಿಣ ಆಫ್ರಿಕಕ್ಕೆ ತಂದರು. ರಾಜದ್ರೋಹಕ್ಕಾಗಿ 20 ವರ್ಷ ಶಿಕ್ಷೆಯಾಯಿತು. 1991ರಲ್ಲಿ ಮೇಲ್ಮನವಿ ಪೀಠ ರೋಮನ್-ಡಚ್ ಕಾನೂನಿನ ಹಳೆಯ ಗ್ರಂಥಗಳನ್ನು ತೆಗೆದು ನೋಡಿ, ಅಪಹರಿಸಿ ತಂದವನನ್ನು ವಿಚಾರಿಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲ, ಕಟಕಟೆಗೆ ಬರುವ ಸರ್ಕಾರದ ಕೈ ಶುದ್ಧವಾಗಿರಬೇಕು ಎಂದು ಶಿಕ್ಷೆಯನ್ನು ರದ್ದುಮಾಡಿತು. ವರ್ಣಭೇದದ ಕಾಯ್ದೆಗಳಲ್ಲಿ ಎಷ್ಟೋ ಇನ್ನೂ ಪುಸ್ತಕದಲ್ಲಿದ್ದ ಕಾಲ ಅದು. ಆ ದೇಶದ ನ್ಯಾಯಾಲಯ ಹಾಗೆ ಹೇಳಿತು. ಸ್ವಾತಂತ್ರ್ಯದ ಪ್ರತಿಮೆ ನಿಲ್ಲಿಸಿಕೊಂಡ ದೇಶದ ನ್ಯಾಯಾಲಯ ಮರುವರ್ಷ ಹಾಗೆ ಹೇಳಲಿಲ್ಲ. ಇಬ್ರಾಹಿಂ 2009ರಿಂದ 2014ರವರೆಗೆ ದಕ್ಷಿಣ ಆಫ್ರಿಕದ ವಿದೇಶಾಂಗ ವ್ಯವಹಾರಗಳ ಉಪಮಂತ್ರಿಯಾಗಿದ್ದರು.

ಪದೇಪದೇ ಕೇಳುವ ಪ್ರಶ್ನೆ

‘ಹಾಗಾದರೆ ಐಕ್‌ಮನ್‌ನನ್ನು ಬಿಟ್ಟುಬಿಡಬೇಕಿತ್ತೇ?’

ಇದಕ್ಕೆ ತಮಾಷೆಯ ಉತ್ತರವಿಲ್ಲ. ಲಕ್ಷಾಂತರ ಜನರನ್ನು ಸಾವಿನ ಶಿಬಿರಗಳಿಗೆ ರೈಲು ಹತ್ತಿಸಿದವನು ಬಸ್ಸಿಳಿದು ಮನೆಗೆ ಹೋಗಿ ಊಟ ಮಾಡುತ್ತಿದ್ದ. ಬದುಕುಳಿದವರು ಜೆರುಸಲೇಂನಲ್ಲಿ ನಿಂತು ಸಾಕ್ಷಿ ಹೇಳಿದ್ದು ನಡೆಯಬೇಕಾದ ಕೆಲಸವೇ ಆಗಿತ್ತು. ಬೋಸ್ನಿಯಾದ ಶಿಬಿರದ ಕಮಾಂಡರ್ ನಿಕೊಲಿಚ್‌ನನ್ನು ಯಾರೋ ಹಿಡಿದು ತಂದೊಪ್ಪಿಸಿದಾಗ ಹೇಗ್‌ನ ಯುಗೊಸ್ಲಾವಿಯಾ ನ್ಯಾಯಮಂಡಳಿಯೂ 2003ರಲ್ಲಿ ಹೀಗೇ ತೂಗಿ ನೋಡಿ, ಅಪರಾಧದ ಘೋರತೆಯ ಮುಂದೆ ಹಿಡಿದ ರೀತಿಯ ತಪ್ಪು ಸಣ್ಣದು ಎಂದಿತು. ಅಂಥ ತೂಕವನ್ನು ನಾನು ಒಪ್ಪಬಲ್ಲೆ, ತಕ್ಕಡಿ ನ್ಯಾಯಾಧೀಶರ ಕೈಯಲ್ಲಿದ್ದು ಅವರು ನಿಜವಾಗಿಯೂ ತೂಗಿದರೆ.

ಆದರೆ ಸೂತ್ರ ಹುಟ್ಟಿದ್ದು ಐಕ್‌ಮನ್‌ನಂಥವನಿಗಾಗಿ ಅಲ್ಲ. ಜೆರುಸಲೇಂ ನ್ಯಾಯಾಲಯ ತನ್ನ ಬೆಂಬಲಕ್ಕೆ ಹುಡುಕಿದ ಹಳೆಯ ತೀರ್ಪುಗಳಲ್ಲಿ ಷಿಕಾಗೋ ಗುಮಾಸ್ತನದೂ ಒಂದು. ಬ್ಯಾಂಕಿನ ಹಣಕ್ಕಾಗಿ ತೆರೆದ ಬಾಗಿಲು ಅದು. ಆಮೇಲೆ ಯಾರನ್ನು ಬೇಕಾದರೂ ಒಳಗೆ ಎಳೆದರು, ತೂಗುವ ಗೋಜಿಗೆ ಹೋಗದೆ.

ಎಚ್ಚರಿಕೆ

ಕೈಪಿಡಿಯ ಪ್ರತಿಗಳು ಎಲ್ಲ ರಾಜಧಾನಿಗಳಲ್ಲೂ ಸಿಗುತ್ತವೆ. 2017ರ ಜುಲೈನಲ್ಲಿ ಬರ್ಲಿನ್ನಿನ ಉದ್ಯಾನವೊಂದರ ಬಳಿ ವಿಯೆಟ್ನಾಂನ ಮಾಜಿ ಅಧಿಕಾರಿ ಚಿನ್ ಸುವಾನ್ ಥಾನ್ ಹಾಡಹಗಲೇ ಕಣ್ಮರೆಯಾಗಿ ಹನೋಯಿಯಲ್ಲಿ ಪ್ರತ್ಯಕ್ಷನಾದ. ತಾನಾಗಿಯೇ ಮರಳಿ ಬಂದ ಎಂದಿತು ಅಲ್ಲಿನ ಸರ್ಕಾರ. ಜರ್ಮನಿ ವಿಯೆಟ್ನಾಂನ ರಾಜತಾಂತ್ರಿಕರನ್ನು ಹೊರಹಾಕಿತು. ನಿಮ್ಮ ಬೀದಿಯಿಂದ ಇನ್ನೊಬ್ಬರು ಯಾರನ್ನಾದರೂ ಎತ್ತಿಕೊಂಡು ಹೋದರೆ ಆಗ ಸಾರ್ವಭೌಮತ್ವ ಎಂಬ ಪದ ನಿಮಗೂ ನೆನಪಾಗುತ್ತದೆ. ಅಂಥ ದಿನ ಈ ಪುಸ್ತಕವನ್ನು ಕಪಾಟಿನೊಳಗೆ ಇಟ್ಟುಬಿಡಿ.

ಮುಂದಿನ ಆವೃತ್ತಿ

ಸದ್ಯಕ್ಕೆ ಇಲ್ಲ. ಮೆಕ್ಸಿಕೋದ ಸಿಟ್ಟು ತಣಿಸಲು ಅಮೆರಿಕ 1994ರಲ್ಲಿ ಗಡಿಯಾಚೆಯ ಅಪಹರಣವನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಅದು ಜಾರಿಗೇ ಬರಲಿಲ್ಲ.